ಹುಬ್ಬಳ್ಳಿ–ಮಂಗಳೂರು: ಗಾಳಿಯಲ್ಲಿ 268 ಕಿ.ಮೀ., ಟಿಕೆಟ್‌ನಲ್ಲಿ ಐದೂವರೆ ಗಂಟೆ. ಇದ್ಯಾವ ಲೆಕ್ಕ?

ಗೋಕುಲ ರೋಡ್ · ಭಾನುವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಅಮ್ಮನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕು. ಮೊಣಕಾಲು ನೋವು. ಏಳೆಂಟು ಗಂಟೆ ಕಾರಿನಲ್ಲಿ ಕೂತರೆ ಇಳಿದ ಮೇಲೆ ಎರಡು ದಿನ ಏಳೋಕಾಗಲ್ಲ. ಹಾಗಾಗಿ ವಿಮಾನ ನೋಡೋಣ ಅಂತ ಕೂತೆ.

ದೂರ ತೋರಿಸುವ ಒಂದು ಸೈಟಿನಲ್ಲಿ ಹುಬ್ಬಳ್ಳಿ ನಿಲ್ದಾಣದಿಂದ ಮಂಗಳೂರು ನಿಲ್ದಾಣಕ್ಕೆ 268 ಕಿ.ಮೀ., ಹಾರಾಟದ ಸಮಯ 50 ನಿಮಿಷ ಎಂದು ಬಂತು. ಇನ್ನೊಂದರಲ್ಲಿ 20 ನಿಮಿಷವಂತೆ! ಖುಷಿಯಾಗಿ ಟಿಕೆಟ್ ಹುಡುಕಿದರೆ ಸಿಕ್ಕಿದ್ದೆಲ್ಲ ಬೆಂಗಳೂರು ಸುತ್ತಿ ಹೋಗುವುದೇ. ಎಲ್ಲಕ್ಕಿಂತ ಬೇಗ ತಲುಪಿಸುವುದಕ್ಕೂ ಐದೂವರೆ ಗಂಟೆ. ನಿಜವಾದ ದೂರ ಎಷ್ಟು, ನಿಜವಾದ ಸಮಯ ಎಷ್ಟು? ಯಾರಾದರೂ ಬಿಡಿಸಿ ಹೇಳುತ್ತೀರಾ?

ಲೆಕ್ಕದ ಮಾಸ್ತರ · ರಾತ್ರಿ 9:32

ದೂರದ ಮಟ್ಟಿಗೆ ಸೈಟು ಸುಳ್ಳು ಹೇಳಿಲ್ಲ. ಇದಕ್ಕೆ ಕಂಪ್ಯೂಟರೂ ಬೇಡ, ಎಂಟನೇ ಕ್ಲಾಸಿನ ಗಣಿತ ಸಾಕು.

ಹುಬ್ಬಳ್ಳಿ ನಿಲ್ದಾಣ ಇರುವುದು ಸುಮಾರು 15 ಡಿಗ್ರಿ 22 ನಿಮಿಷ ಉತ್ತರ ಅಕ್ಷಾಂಶದಲ್ಲಿ (ಈ ನಿಮಿಷ ಗಡಿಯಾರದ್ದಲ್ಲ, ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ). ಮಂಗಳೂರಿನದು 12 ಡಿಗ್ರಿ 58 ನಿಮಿಷ. ವ್ಯತ್ಯಾಸ 2 ಡಿಗ್ರಿ 24 ನಿಮಿಷ, ಅಂದರೆ 144 ನಿಮಿಷ. ಅಕ್ಷಾಂಶದ ಒಂದು ನಿಮಿಷ ಅಂದರೆ ಒಂದು ನಾಟಿಕಲ್ ಮೈಲಿ, 1.852 ಕಿ.ಮೀ. ಗುಣಿಸಿ ನೋಡಿ, ಹತ್ತಿರ ಹತ್ತಿರ 267 ಕಿ.ಮೀ.

ಇನ್ನು ರೇಖಾಂಶ. ಹುಬ್ಬಳ್ಳಿ 75 ಡಿಗ್ರಿ 5 ನಿಮಿಷ, ಮಂಗಳೂರು 74 ಡಿಗ್ರಿ 53 ನಿಮಿಷ. ಬರೀ 12 ನಿಮಿಷ ಪಡುವಣಕ್ಕೆ. ನಮ್ಮ ಅಕ್ಷಾಂಶದಲ್ಲಿ ಅದು 21 ಕಿ.ಮೀ. ಚಿಲ್ಲರೆ. ಲಂಬಕೋನ ತ್ರಿಭುಜ ಹಾಕಿದರೆ ಕರ್ಣ 268.

ಗಮನಿಸಿದಿರಾ? ಮಂಗಳೂರು ಹುಬ್ಬಳ್ಳಿಗೆ ಹೆಚ್ಚುಕಡಿಮೆ ನೇರ ತೆಂಕಣಕ್ಕಿದೆ. ಕರಾವಳಿ ಅಂದ ತಕ್ಷಣ ಪಶ್ಚಿಮಕ್ಕೆ ಎಲ್ಲೋ ದೂರ ಇದೆ ಅಂದುಕೊಳ್ಳುತ್ತೇವೆ. ನಕ್ಷೆಯಲ್ಲಿ ಸ್ಕೇಲ್ ಇಟ್ಟು ನೋಡಿದವರಿಗೇ ಗೊತ್ತು.

ಶಿರಸಿ ಅಡಿಕೆ · ರಾತ್ರಿ 9:41

ಮಾಸ್ತರೇ, ನಿಮ್ಮ ಕರ್ಣದ ಮೇಲೆ ಬಸ್ಸು ಓಡಲ್ಲ. ನಡುವೆ ಘಟ್ಟ ಅನ್ನೋದೊಂದಿದೆ 😄

ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ, ಅರಬೈಲು ಘಾಟಿ ಇಳಿದು ಅಂಕೋಲಾ. ಅಲ್ಲಿಂದ ಕುಮಟಾ, ಹೊನ್ನಾವರ, ಭಟ್ಕಳ, ಕುಂದಾಪುರ, ಉಡುಪಿ, ಮಂಗಳೂರು. ಒಟ್ಟು 370 ಕಿ.ಮೀ. ಆಸುಪಾಸು. ಗಾಳಿ ದಾರಿಗಿಂತ ನೂರು ಕಿ.ಮೀ. ಜಾಸ್ತಿ.

ಲೆಕ್ಕದ ಮಾಸ್ತರ · ರಾತ್ರಿ 9:45

ಒಪ್ಪಿದೆ. ಆದರೆ ಅವರು ಕೇಳಿದ್ದು ವಿಮಾನದ ದೂರ ಅಲ್ವಾ?

ರೆಕ್ಕೆ ಮೇಲಿನ ಸೀಟು · ರಾತ್ರಿ 10:20

ಸಮಯದ ಬಗ್ಗೆ ನಾನು ಹೇಳುತ್ತೇನೆ. ಪೈಲಟ್ ಅಲ್ಲ, ಸುಮ್ನೆ ವಿಮಾನದ ಹುಚ್ಚು. ಕಿಟಕಿ ಪಕ್ಕ ಕೂತು ಗಡಿಯಾರ ನೋಡುವ ಜಾತಿ.

ಆ ದೂರದ ಸೈಟುಗಳು ಮಾಡುವುದು ಬಹಳ ಸರಳ. ಗಂಟೆಗೆ 800 ಕಿ.ಮೀ. ಓಡುವ ಜೆಟ್ ಎಂದುಕೊಂಡು ದೂರವನ್ನು ಭಾಗಿಸುತ್ತವೆ. 20 ನಿಮಿಷ ಬರುತ್ತದೆ. ಅದಕ್ಕೆ ಏರಲು ಇಳಿಯಲು ಅರ್ಧ ಗಂಟೆ ಸೇರಿಸಿದರೆ 50. ಒಂದು ಸೈಟು ಅರ್ಧ ಗಂಟೆ ಸೇರಿಸಿದೆ, ಇನ್ನೊಂದು ಸೇರಿಸಿಲ್ಲ. ಅಷ್ಟೇ ಗುಟ್ಟು. ಹುಬ್ಬಳ್ಳಿ ಎಲ್ಲಿದೆ, ಅಲ್ಲಿಗೆ ಯಾವ ವಿಮಾನ ಬರುತ್ತದೆ ಅನ್ನುವುದು ಅವಕ್ಕೆ ಗೊತ್ತೇ ಇಲ್ಲ.

ಇಂಥ ಸಣ್ಣ ದಾರಿಗೆ ಸಾಮಾನ್ಯವಾಗಿ ಹಾಕುವುದು ಎಟಿಆರ್ 72. ಎರಡು ಪ್ರೊಪೆಲ್ಲರ್, 70–78 ಸೀಟು. ನೆಟ್ಟಗೆ ಹಾರುವಾಗ ಗಂಟೆಗೆ 500 ಕಿ.ಮೀ. ಅಂದುಕೊಳ್ಳಿ. ಆದರೆ 268 ಕಿ.ಮೀ. ದಾರಿಯಲ್ಲಿ ಅದು ನೆಟ್ಟಗೆ ಹಾರುವುದೇ ಸ್ವಲ್ಪ ಹೊತ್ತು. ಏರುವುದು ನಿಧಾನ, ಇಳಿಯುವುದಕ್ಕೆ ಬಹಳ ಮುಂಚೆಯೇ ಶುರು ಮಾಡಬೇಕು. ಸರಾಸರಿ ವೇಗ 400 ದಾಟಿದರೆ ಹೆಚ್ಚು.

ಇನ್ನೊಂದು ತಮಾಷೆ ಕೇಳಿ. ಹೋಗಬೇಕಾದದ್ದು ದಕ್ಷಿಣಕ್ಕೆ. ಹುಬ್ಬಳ್ಳಿಯ ರನ್‌ವೇ ಮಲಗಿರುವುದು ಪೂರ್ವ–ಪಶ್ಚಿಮ. ಮಂಗಳೂರಿನದೂ ಹೆಚ್ಚುಕಡಿಮೆ ಹಾಗೇ, ಸ್ವಲ್ಪ ಓರೆ. ಅಂದರೆ ಇಲ್ಲಿ ಅಡ್ಡಕ್ಕೆ ಹಾರಿ ತೆಂಕಣಕ್ಕೆ ತಿರುಗಬೇಕು. ಅಲ್ಲಿ ಹೋಗಿ ಮತ್ತೆ ಅಡ್ಡಕ್ಕೆ ತಿರುಗಿ ಇಳಿಯಬೇಕು. ಮಳೆಗಾಲದಲ್ಲಿ ಗಾಳಿ ಸಮುದ್ರದಿಂದ ಬೀಸುತ್ತದೆ. ವಿಮಾನ ಇಳಿಯುವುದು ಗಾಳಿಗೆ ಎದುರಾಗಿ. ಹಾಗಾಗಿ ಒಳನಾಡಿನ ಕಡೆಗೆ ಸುತ್ತು ಹಾಕಿ, ಮೂತಿಯನ್ನು ಸಮುದ್ರದ ಕಡೆ ಮಾಡಿ ಇಳಿಯುತ್ತದೆ. ಈ ಎರಡು ತಿರುವು 268ಕ್ಕೆ ಸದ್ದಿಲ್ಲದೆ ಒಂದಷ್ಟು ಕಿ.ಮೀ. ಸೇರಿಸುತ್ತವೆ.

ನನ್ನ ಅಂದಾಜು: ಚಕ್ರ ಎದ್ದು ಚಕ್ರ ಮುಟ್ಟುವವರೆಗೆ 45 ನಿಮಿಷ. ನೆಲದ ಮೇಲೆ ಓಡಾಟ ಸೇರಿ ಒಂದು ಗಂಟೆ. ಕಂಪನಿಯವರು ವೇಳಾಪಟ್ಟಿಯಲ್ಲಿ ಇನ್ನೊಂದು ಐದು ನಿಮಿಷ ಸೇರಿಸಿಯೇ ಬರೆಯುತ್ತಾರೆ, ಯಾಕೆಂದರೆ ಹೇಳಿದ ಹೊತ್ತಿನ 15 ನಿಮಿಷದೊಳಗೆ ಬಂದರೆ ಸಮಯಕ್ಕೆ ಬಂದ ಲೆಕ್ಕ.

ಗೋಕುಲ ರೋಡ್ · ರಾತ್ರಿ 10:34

ಅಬ್ಬಾ! ಸರಿ, ಒಂದು ಗಂಟೆ. ಅದಾದರೂ ಅಮ್ಮನಿಗೆ ಸ್ವರ್ಗ. ಆದರೆ ನೇರ ವಿಮಾನವೇ ಕಾಣುತ್ತಿಲ್ಲವಲ್ಲ. ಹಿಂದೆ ಇತ್ತು ಅಂತ ಯಾರೋ ಹೇಳಿದ ನೆನಪು.

ಬಜ್ಪೆಯವ · ರಾತ್ರಿ 10:50

ಇತ್ತು. ಬಂತು, ಹಾರಿತು, ನಿಂತಿತು. ನಾನೂ ಒಮ್ಮೆ ಹೋಗಿದ್ದೇನೆ. ಕಿಟಕಿಯಿಂದ ಘಟ್ಟ ನೋಡುತ್ತಾ ಕೂತವನಿಗೆ ಒಂದು ಕಾಫಿ ಕುಡಿಯುವಷ್ಟರಲ್ಲಿ ಊರು ಬಂತು ಅನ್ನಿಸಿತು.

ಯಾಕೆ ನಿಲ್ಲುತ್ತದೆ ಅಂದರೆ, ವಾರದ ಎಲ್ಲ ದಿನ 78 ಸೀಟು ತುಂಬಬೇಕಲ್ಲ. ನಮ್ಮ ಕಡೆಯಿಂದ ಹುಬ್ಬಳ್ಳಿಗೆ ಹೋಗುವವರು ಬ್ಯಾಂಕಿನವರು, ವ್ಯಾಪಾರದವರು, ಓದುವ ಮಕ್ಕಳು. ಆ ಕಡೆಯಿಂದ ಆಸ್ಪತ್ರೆಗೆ, ದೇವಸ್ಥಾನಕ್ಕೆ ಬರುವವರು. ಜನ ಇದ್ದಾರೆ, ಆದರೆ ಹೆಚ್ಚಿನವರು ರಾತ್ರಿ ಬಸ್ಸು ಹತ್ತಿ ಮಲಗಿ ಬೆಳಿಗ್ಗೆ ಇಳಿಯುವ ಪೈಕಿ. ಹಗಲಿನ ಒಂದು ಗಂಟೆಯ ಹಾರಾಟಕ್ಕೆ ಮೂರು ಸಾವಿರ ಕೊಡುವವರು ಕಡಿಮೆ. ಬೆಂಗಳೂರಿಗಾದರೆ ಕೊಡುತ್ತಾರೆ. ಅದೇ ವಿಮಾನವನ್ನು ಬೆಂಗಳೂರಿಗೆ ಬಿಟ್ಟರೆ ತುಂಬುತ್ತದೆ ಅಂದಾಗ ಕಂಪನಿ ಏನು ಮಾಡುತ್ತದೆ ಹೇಳಿ.

ರೆಕ್ಕೆ ಮೇಲಿನ ಸೀಟು · ರಾತ್ರಿ 10:58

ಇದಕ್ಕೇ ಅಲ್ವಾ ಉಡಾನ್ ಬಂದದ್ದು, ಸಣ್ಣ ಊರುಗಳಿಗೆ ಕಡಿಮೆ ದರದ ವಿಮಾನ ತರುವ ಕೇಂದ್ರ ಸರ್ಕಾರದ ಯೋಜನೆ? 2016ರಲ್ಲಿ ಯೋಜನೆ, 2017ರ ಏಪ್ರಿಲ್‌ನಲ್ಲಿ ಶಿಮ್ಲಾ–ದೆಹಲಿ ಮೊದಲ ಹಾರಾಟ. ಆಗ ಒಂದು ಗಂಟೆಯ ಪ್ರಯಾಣಕ್ಕೆ 2,500 ರೂಪಾಯಿ ಮಿತಿ ಇತ್ತು, ಅದೂ ವಿಮಾನದ ಅರ್ಧದಷ್ಟು ಸೀಟಿಗೆ. ನಷ್ಟವನ್ನು ಸರ್ಕಾರ ತುಂಬಿಕೊಡುವುದು ಮೂರು ವರ್ಷ. ಮೂರು ವರ್ಷದಲ್ಲಿ ದಾರಿ ತನ್ನ ಕಾಲ ಮೇಲೆ ನಿಂತರೆ ಉಳಿಯಿತು, ಇಲ್ಲದಿದ್ದರೆ ಎಷ್ಟೋ ದಾರಿಗಳು ಅಲ್ಲಿಗೇ ಮುಗಿದವು.

ತುಂಗೆಯ ದಡ · ರಾತ್ರಿ 11:15

ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ಸಣ್ಣ ದೂರಕ್ಕೆ ವಿಮಾನ ಅನ್ನುವುದೇ ದೊಡ್ಡ ಭ್ರಮೆ ಅಂತ ನನ್ನ ವಾದ.

ನಮ್ಮ ಶಿವಮೊಗ್ಗ ನೋಡಿ. 2023ರ ಫೆಬ್ರುವರಿಯಲ್ಲಿ ನಿಲ್ದಾಣ ಉದ್ಘಾಟನೆ, ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ವಿಮಾನ. ತಾವರೆ ಆಕಾರದ ಟರ್ಮಿನಲ್, 3,200 ಮೀಟರ್ ರನ್‌ವೇ. ನಮಗೆಲ್ಲ ಹೆಮ್ಮೆ. ನಾನೂ ಉತ್ಸಾಹದಿಂದ ಹತ್ತಿದೆ. ಗಾಳಿಯಲ್ಲಿ 240 ಕಿ.ಮೀ. ಒಳಗೇ, ಟಿಕೆಟ್‌ನಲ್ಲಿ ಒಂದು ಗಂಟೆ ಚಿಲ್ಲರೆ.

ಈಗ ನನ್ನ ಲೆಕ್ಕ ಕೇಳಿ. ಮನೆಯಿಂದ ಸೋಗಾನೆಯ ನಿಲ್ದಾಣಕ್ಕೆ ಅರ್ಧ ಗಂಟೆ. ಒಂದೂವರೆ ಗಂಟೆ ಮುಂಚೆ ಹೋಗಿ ಕೂತೆ. ಹಾರಾಟ ಒಂದು ಗಂಟೆ ಹತ್ತು ನಿಮಿಷ. ದೇವನಹಳ್ಳಿಯಲ್ಲಿ ಇಳಿದು ಚೀಲಕ್ಕೆ ಕಾದು ಹೊರಗೆ ಬರಲು 25 ನಿಮಿಷ. ಅಲ್ಲಿಂದ ಬನಶಂಕರಿಗೆ ಎರಡು ಗಂಟೆ, ಸಂಜೆ ಟ್ರಾಫಿಕ್. ಕೂಡಿಸಿ. ಐದೂವರೆ ದಾಟಿತು. ಜನಶತಾಬ್ದಿ ರೈಲು ಐದು ಗಂಟೆಯೊಳಗೆ ಬೆಂಗಳೂರು ಮುಟ್ಟಿಸುತ್ತದೆ, ಇಡ್ಲಿ ತಿಂದುಕೊಂಡು ಹೋಗಬಹುದು. ಮತ್ತೊಮ್ಮೆ ಹೊರಟಾಗ ಮೋಡ ಕವಿದು ವಿಮಾನವೇ ಇಳಿಯಲಿಲ್ಲ. ಅವತ್ತು ರಾತ್ರಿ ಬಸ್ಸು ಹಿಡಿದೆ.

ಬೀದರಿನಾಕಿ · ರಾತ್ರಿ 11:31

ತುಂಗೆಯ ದಡದವರೇ, ನಿಮಗೆ ರೈಲೂ ಇದೆ, ಬಸ್ಸೂ ಇದೆ, ವಿಮಾನವೂ ಇದೆ. ಹಾಗಾಗಿ ಭ್ರಮೆ ಅನ್ನಿಸುತ್ತದೆ. ನಮ್ಮ ಕಡೆ ಬಂದು ಈ ಮಾತು ಹೇಳಿ ನೋಡೋಣ.

ಬೀದರಿನಿಂದ ಬೆಂಗಳೂರಿಗೆ ಗಾಳಿಯಲ್ಲೇ 520 ಕಿ.ಮೀ. ರಸ್ತೆಯಲ್ಲಿ 700 ಹತ್ತಿರ. ರಾತ್ರಿ ಪೂರ್ತಿ ಪ್ರಯಾಣ. ಒಂದು ದಿನದ ಕೆಲಸಕ್ಕೆ ಎರಡು ರಾತ್ರಿ ಬಸ್ಸಿನಲ್ಲಿ ಹೋಗುತ್ತದೆ. 2020ರ ಫೆಬ್ರುವರಿಯಲ್ಲಿ ವಿಮಾನ ಶುರುವಾದಾಗ ನನ್ನ ಅಪ್ಪ ಬೆಳಿಗ್ಗೆ ಮನೆಯಲ್ಲಿ ಚಹಾ ಕುಡಿದು ಮಧ್ಯಾಹ್ನ ವಿಧಾನಸೌಧದ ಮುಂದೆ ನಿಂತು ಫೋನ್ ಮಾಡಿದ್ದರು. ಅವರಿಗೆ ನಂಬಲಿಕ್ಕೇ ಆಗಿರಲಿಲ್ಲ. ಆಮೇಲೆ ಅದೂ ನಿಂತು, ಮತ್ತೆ ಬಂದು, ನಮ್ಮನ್ನು ಆಟ ಆಡಿಸಿದೆ, ಆ ಮಾತು ಬೇರೆ.

240 ಕಿ.ಮೀ.ಗೆ ವಿಮಾನ ಸೋಲಬಹುದು. 500ಕ್ಕೆ ಸೋಲಲ್ಲ. ಮನೆಯಿಂದ ನಿಲ್ದಾಣ, ಕಾಯುವುದು, ಚೀಲ, ಟ್ಯಾಕ್ಸಿ – ಇವೆಲ್ಲ ಎರಡಕ್ಕೂ ಒಂದೇ ತಾನೆ? ಗಾಳಿಯಲ್ಲಿ ಮಾತ್ರ ಅರ್ಧ ಗಂಟೆ ಜಾಸ್ತಿ. ರಸ್ತೆಯಲ್ಲಾದರೆ ಆರೇಳು ಗಂಟೆ ಜಾಸ್ತಿ.

ತುಂಗೆಯ ದಡ · ರಾತ್ರಿ 11:36

ಹಾಂ, ಇದು ಒಪ್ಪುವ ಮಾತು. ನಿಮ್ಮೂರಿನ ದೂರ ಲೆಕ್ಕಕ್ಕೆ ಹಿಡಿದಿರಲಿಲ್ಲ. 🙏

ಮರಳುಗಾಡಿನ ಕನ್ನಡಿಗ · ರಾತ್ರಿ 11:58

ದುಬೈನಿಂದ. ಊರು ಮುಂಡಗೋಡ ಹತ್ತಿರ. ನನ್ನ ಗೋಳೂ ಇದೇ, ಆದರೆ ಉಲ್ಟಾ.

ದುಬೈನಿಂದ ಮಂಗಳೂರಿಗೆ ನೇರ ವಿಮಾನ. ಸುಮಾರು 2,450 ಕಿ.ಮೀ., ಮೂರೂವರೆ ಗಂಟೆ. ಅಲ್ಲಿಂದ ಊರಿಗೆ ಮೂರುನೂರು ಚಿಲ್ಲರೆ ಕಿ.ಮೀ., ಎಂಟು ಗಂಟೆ! ಅರಬ್ಬಿ ಸಮುದ್ರ ದಾಟಿದ್ದಕ್ಕಿಂತ ಎರಡು ಪಟ್ಟು ಹೊತ್ತು ಕುಂದಾಪುರ, ಭಟ್ಕಳ ದಾಟಲಿಕ್ಕೆ. ಹೆಂಡತಿ ಪ್ರತಿ ಸಲ ಕೇಳುತ್ತಾಳೆ, ವಿದೇಶ ಯಾವುದು, ದುಬೈಯೋ ಮುಂಡಗೋಡೋ ಅಂತ.

ಈಗ ಗೋವಾಕ್ಕೆ ಇಳಿದು ಬರುತ್ತೇನೆ. ಅದೇ ವಾಸಿ.

ಶಿರಸಿ ಅಡಿಕೆ · ಸೋಮವಾರ ಬೆಳಿಗ್ಗೆ 6:20

ರಾತ್ರಿಯೆಲ್ಲ ಚರ್ಚೆ ನಡೆದಿದೆ. ಆದರೆ ಒಬ್ಬರೂ ಒಂದು ವಿಷಯ ಗಮನಿಸಲಿಲ್ಲವಲ್ಲ!

ಗೋಕುಲ ರೋಡ್ ಅವರೇ, ನೀವು ಹೋಗಬೇಕಾದದ್ದು ಮಂಗಳೂರಿಗೆ ಅಲ್ಲ, ಮಣಿಪಾಲಕ್ಕೆ. ಮಣಿಪಾಲ ಮಂಗಳೂರಿಗಿಂತ ನಿಮಗೇ ಹತ್ತಿರ. ರಸ್ತೆಯಲ್ಲಿ ಹೋದರೆ ಉಡುಪಿಯಲ್ಲೇ ಎಡಕ್ಕೆ ತಿರುಗಿ ಬಿಡುತ್ತೀರಿ. 310–315 ಕಿ.ಮೀ. ಆಯಿತು. ವಿಮಾನದಲ್ಲಿ ಹೋದರೆ ಮಣಿಪಾಲವನ್ನು ದಾಟಿ ಮುಂದೆ ಹೋಗಿ, ಮಂಗಳೂರು ನಿಲ್ದಾಣವಿರುವ ಬಜ್ಪೆಯಲ್ಲಿ ಇಳಿದು, ಮತ್ತೆ 60 ಕಿ.ಮೀ. ಬಡಗಣಕ್ಕೆ ವಾಪಸ್ ಬರಬೇಕು. ಅದಕ್ಕೇ ಒಂದೂವರೆ ಗಂಟೆ.

ಲೆಕ್ಕದ ಮಾಸ್ತರ · ಬೆಳಿಗ್ಗೆ 6:48

ಶಭಾಷ್! ನಾನು ಪ್ರಶ್ನೆಯ ಮೊದಲ ಸಾಲು ಓದದೆ ಉತ್ತರ ಬರೆದ ವಿದ್ಯಾರ್ಥಿ ಥರ ಆದೆ.

ಹಾಗಾದರೆ ಪೂರ್ತಿ ಲೆಕ್ಕ ಹಾಕಿಬಿಡೋಣ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಗಾಳಿಯಲ್ಲಿ 370 ಕಿ.ಮೀ. ಬೆಂಗಳೂರಿನಿಂದ ಮಂಗಳೂರಿಗೆ 307. ಒಟ್ಟು 677. ನೇರ ದಾರಿಯ ಎರಡೂವರೆ ಪಟ್ಟು. ಅಮ್ಮನನ್ನು ಆಗ್ನೇಯಕ್ಕೆ ಕರೆದುಕೊಂಡು ಹೋಗಿ, ಪಶ್ಚಿಮಕ್ಕೆ ತಂದು, ಆಮೇಲೆ ಉತ್ತರಕ್ಕೆ ಒಯ್ಯುತ್ತೀರಿ.

ಸಮಯ: ಮನೆಯಿಂದ ನಿಲ್ದಾಣ 20 ನಿಮಿಷ (ನೀವು ಗೋಕುಲ ರಸ್ತೆಯವರಾದರೆ ಅದೂ ಬೇಡ, ನಿಲ್ದಾಣ ನಿಮ್ಮ ರಸ್ತೆಯಲ್ಲೇ ಇದೆ). ಮುಂಚೆ ಹೋಗಿ ಕಾಯುವುದು ಒಂದೂವರೆ ಗಂಟೆ. ಟಿಕೆಟ್‌ನಲ್ಲಿರುವ ಐದೂವರೆ. ಚೀಲ ತೆಗೆದುಕೊಳ್ಳಲು 20 ನಿಮಿಷ. ಬಜ್ಪೆಯಿಂದ ಮಣಿಪಾಲ ಒಂದೂವರೆ. ಒಂಬತ್ತು ಗಂಟೆ ದಾಟುತ್ತದೆ. ಕಾರಿನಲ್ಲಿ ಏಳು.

ಗೋಕುಲ ರೋಡ್ · ಬೆಳಿಗ್ಗೆ 7:30

ತಲೆ ತಿರುಗುತ್ತಿದೆ. ವಿಮಾನಕ್ಕೆ ಹೋದರೆ ಬೇಗ ಅಂದುಕೊಂಡಿದ್ದೆ. ಎರಡು ಗಂಟೆ ಲೇಟು!

ರೈಲು ಹೇಗೆ?

ಹಳೇ ಪ್ಲಾಟ್‌ಫಾರ್ಮ್ · ಬೆಳಿಗ್ಗೆ 8:05

ರೈಲಿನ ಹೆಸರು ಎತ್ತಿದಿರಿ, ನನ್ನ ಹಳೇ ಗಾಯ ಕೆದಕಿದಿರಿ.

ವಿಜಯಪುರದಿಂದ ಮಂಗಳೂರಿಗೆ ಹೋಗುವ ಗಾಡಿ ಹುಬ್ಬಳ್ಳಿ ಮೇಲೆ ಹೋಗುತ್ತದೆ. ಆದರೆ ದಾರಿ ನೋಡಿ: ಹಾವೇರಿ, ದಾವಣಗೆರೆ, ಅರಸೀಕೆರೆ, ಹಾಸನ, ಸಕಲೇಶಪುರ ಘಾಟಿ, ಸುಬ್ರಹ್ಮಣ್ಯ, ಆಮೇಲೆ ಮಂಗಳೂರು. ಅರ್ಧ ಕರ್ನಾಟಕ ದರ್ಶನ. ಘಾಟಿಯಲ್ಲಿ ಆಮೆ ವೇಗ. ಮಲಗಿಕೊಂಡು ಹೋಗಬಹುದು ಅನ್ನುವುದೊಂದೇ ಅಮ್ಮನಿಗೆ ಅನುಕೂಲ. ಅಲ್ಲಿಂದ ಮತ್ತೆ ಮಣಿಪಾಲಕ್ಕೆ ವಾಪಸ್.

ಹುಬ್ಬಳ್ಳಿ–ಅಂಕೋಲಾ ರೈಲು ಆಗಿದ್ದರೆ ಈ ಪ್ರಶ್ನೆಯೇ ಇರುತ್ತಿರಲಿಲ್ಲ. ಅಂಕೋಲಾದಲ್ಲಿ ಕೊಂಕಣ ರೈಲು ಹಿಡಿದು ನೆಟ್ಟಗೆ ಉಡುಪಿ. ಕಳೆದ ಶತಮಾನದ ಕೊನೆಯಲ್ಲಿ ಮಂಜೂರಾದ ಯೋಜನೆ. ಪಶ್ಚಿಮ ಘಟ್ಟದ ಕಾಡಿನ ನಡುವೆ ಹೋಗಬೇಕು. ಕಾಡು ಉಳಿಯಲಿ ಅನ್ನುವವರದ್ದೂ ನ್ಯಾಯ, ರೈಲು ಬೇಕು ಅನ್ನುವವರದ್ದೂ ನ್ಯಾಯ. ನಾನು ಎರಡೂ ಕಡೆ ಭಾಷಣ ಕೇಳಿ ಚಪ್ಪಾಳೆ ತಟ್ಟಿದವನು. ಫೈಲು ಮಾತ್ರ ಕೂತಲ್ಲೇ ಇದೆ.

ಬಜ್ಪೆಯವ · ಬೆಳಿಗ್ಗೆ 8:40

ಬೆಂಗಳೂರು ಮೇಲೆ ಹೋಗಲೇಬೇಕು ಅನ್ನುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಕಿವಿಮಾತು. ಎರಡು ವಿಮಾನಗಳನ್ನು ಒಂದೇ ಟಿಕೆಟ್‌ನಲ್ಲಿ ಮಾಡಿಸಿ. ನಾನು ಒಮ್ಮೆ 600 ರೂಪಾಯಿ ಉಳಿಸಲು ಎರಡು ಬೇರೆ ಕಂಪನಿಯ ಬೇರೆ ಬೇರೆ ಟಿಕೆಟ್ ತೆಗೆದೆ. ಮೊದಲನೆಯದು 50 ನಿಮಿಷ ತಡ. ಚೀಲ ಬರುವಷ್ಟರಲ್ಲಿ ಎರಡನೆಯದರ ಕೌಂಟರ್ ಮುಚ್ಚಿತ್ತು. ಕೇಳಿದರೆ, ಅದು ನಮ್ಮ ತಪ್ಪಲ್ಲ ಸರ್ ಅಂದರು ಇಬ್ಬರೂ. ನಿಜ, ಅವರ ತಪ್ಪಲ್ಲ. ನನ್ನ ಜಿಪುಣತನದ ತಪ್ಪು. ಹೊಸ ಟಿಕೆಟ್‌ಗೆ 5,800 ಹೋಯಿತು.

ಇನ್ನು ಮಳೆಗಾಲದ ಮಾತು. ನಮ್ಮ ನಿಲ್ದಾಣ ಗುಡ್ಡದ ನೆತ್ತಿ ಕಡಿದು ಮಾಡಿದ್ದು, ಟೇಬಲ್‌ಟಾಪ್ ಅನ್ನುತ್ತಾರೆ. ರನ್‌ವೇ ಮುಗಿದ ಕಡೆ ಕಣಿವೆ. 2010ರ ಮೇ 22ರ ದುರಂತದಲ್ಲಿ 158 ಜನ ಹೋದರು, ಅದನ್ನು ಮರೆತವರು ಇಲ್ಲಿ ಯಾರೂ ಇಲ್ಲ. ಜೋರು ಮಳೆ, ಮೋಡ ಇದ್ದರೆ ವಿಮಾನ ಮೇಲೆಯೇ ಸುತ್ತು ಹಾಕುತ್ತದೆ, ಇಲ್ಲವೇ ಬೇರೆ ಊರಿಗೆ ಹೋಗಿ ಇಳಿಯುತ್ತದೆ. ಜನ ಬೈಯುತ್ತಾರೆ. ನಾನು ಬೈಯುವುದಿಲ್ಲ. ಜುಲೈನಲ್ಲಿ ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಇದ್ದರೆ ಹಿಂದಿನ ದಿನವೇ ಬಂದುಬಿಡಿ, ಅಷ್ಟೇ.

ಶಿರಸಿ ಅಡಿಕೆ · ಬೆಳಿಗ್ಗೆ 8:52

ಮಳೆಗಾಲದಲ್ಲಿ ರಸ್ತೆಯನ್ನೂ ನಂಬುವ ಹಾಗಿಲ್ಲ ಮಾರಾಯ್ರೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿ ಮೇಲೆ ಬಂತು. ದಿನಗಟ್ಟಲೆ ರಸ್ತೆ ಬಂದ್. ಆ ದಿನಗಳಲ್ಲಿ ನಾವು ಯಾವ ಊರಿಗೆ ಎಷ್ಟು ಕಿ.ಮೀ. ಅಂತ ಕೇಳುವುದನ್ನೇ ಬಿಟ್ಟಿದ್ದೆವು. ದಾರಿ ಇದೆಯಾ ಅಂತ ಮಾತ್ರ ಕೇಳುತ್ತಿದ್ದೆವು.

ರೆಕ್ಕೆ ಮೇಲಿನ ಸೀಟು · ಬೆಳಿಗ್ಗೆ 9:15

ಗೋಕುಲ ರೋಡ್, ಮುಂದೆ ಯಾವತ್ತಾದರೂ ಅಮ್ಮನನ್ನು ಎಟಿಆರ್‌ನಲ್ಲಿ ಕರೆದುಕೊಂಡು ಹೋದರೆ ನೆನಪಿಡಿ. ಇದಕ್ಕೆ ಸಾಮಾನ್ಯವಾಗಿ ಏರೋಬ್ರಿಜ್ (ಟರ್ಮಿನಲ್‌ನಿಂದ ನೇರ ವಿಮಾನದೊಳಗೆ ನಡೆದು ಹೋಗುವ ಸೇತುವೆ) ಹಾಕಲ್ಲ. ಬಾಗಿಲು ಹಿಂಬದಿಗೆ, ನೆಲಕ್ಕೆ ಹತ್ತಿರ. ಆದರೂ ಮೆಟ್ಟಿಲು ಮೆಟ್ಟಿಲೇ. ಟಿಕೆಟ್ ಮಾಡಿಸುವಾಗಲೇ ಗಾಲಿಕುರ್ಚಿ ಬೇಕು ಅಂತ ಹಾಕಿ. ಹಿಂದಿನ ಸಾಲಿನ ಸೀಟು ತೆಗೆದುಕೊಳ್ಳಿ. ಎಲ್ಲರೂ ಮುಂದಿನ ಸೀಟು ಅಂತ ಓಡುತ್ತಾರೆ, ಎಟಿಆರ್‌ನಲ್ಲಿ ಮುಂದೆ ಕೂತವರು ಕೊನೆಗೆ ಇಳಿಯುತ್ತಾರೆ!

ಗೋಕುಲ ರೋಡ್ · ಮುಂದಿನ ಸೋಮವಾರ, ರಾತ್ರಿ 8:25

ಎಲ್ಲರಿಗೂ ವರದಿ ಒಪ್ಪಿಸಬೇಕಲ್ಲ.

ಕೊನೆಗೆ ಕಾರಿನಲ್ಲೇ ಹೋದೆವು, ಆದರೆ ಎರಡು ದಿನ ಮಾಡಿಕೊಂಡು. ಶನಿವಾರ ಮಧ್ಯಾಹ್ನ ಹೊರಟೆವು. ಯಲ್ಲಾಪುರದಲ್ಲಿ ಅರ್ಧ ಗಂಟೆ, ಅಮ್ಮ ನಾಲ್ಕು ಹೆಜ್ಜೆ ನಡೆದರು. ಅರಬೈಲು ಘಾಟಿಯಲ್ಲಿ ಮೂರು ಲಾರಿ ಹಿಂದೆ ಸಿಕ್ಕಿಬಿದ್ದೆವು. ಕುಮಟಾದಲ್ಲಿ ಅಕ್ಕನ ಮಗಳ ಮನೆಯಲ್ಲಿ ಉಳಿದೆವು. ಹುಬ್ಬಳ್ಳಿಯಿಂದ ಕುಮಟಾ ನಾಲ್ಕು ಗಂಟೆ ಹತ್ತು ನಿಮಿಷ. ಭಾನುವಾರ ಬೆಳಿಗ್ಗೆ ಅಲ್ಲಿಂದ ಮಣಿಪಾಲ ಮೂರು ಗಂಟೆ. ಇವತ್ತು ಡಾಕ್ಟರ್ ನೋಡಿದರು. ಇಂಜೆಕ್ಷನ್ ಸಾಕು, ಆಪರೇಷನ್ ಈಗಲೇ ಬೇಡ ಅಂದರು.

ಅಮ್ಮನಿಗೆ ನಿಮ್ಮ ಚರ್ಚೆ ಪೂರ್ತಿ ಓದಿ ಹೇಳಿದೆ. 268 ಕಿ.ಮೀ. ಲೆಕ್ಕ ಕೇಳಿ, ‘ಆ ಮಾಸ್ತರರು ಹೇಳಿದ ದಾರಿ ಚೆನ್ನಾಗಿತ್ತಲ್ಲೋ, ಅದರಲ್ಲೇ ಹೋಗಬಹುದಿತ್ತು’ ಅಂದರು.

ಲೆಕ್ಕದ ಮಾಸ್ತರ · ರಾತ್ರಿ 8:31

😂 ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಮತ್ತೆ ಯಾವಾಗ ಬರಲು ಹೇಳಿದ್ದಾರೆ?

ಗೋಕುಲ ರೋಡ್ · ರಾತ್ರಿ 8:33

ಮೂರು ತಿಂಗಳು ಬಿಟ್ಟು. ಜುಲೈನಲ್ಲಿ.

ಶಿರಸಿ ಅಡಿಕೆ · ರಾತ್ರಿ 8:34

ಜುಲೈನಲ್ಲಾ? ಹೊರಡುವ ಹಿಂದಿನ ದಿನ ಇಲ್ಲೊಂದು ಸಾಲು ಬರೆಯಿರಿ. ಘಾಟಿ ನೋಡಿ ಹೇಳುತ್ತೇನೆ.